ಹುಲ್ಲು ಕತ್ತರಿಸುವ ಯಂತ್ರ: ಇಂಜಿನ್ ಎಣ್ಣೆಯ ಬಿಸಿ ಮತ್ತು ಎಣ್ಣೆಯ ಆಯ್ಕೆ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಇಲ್ಲಿನ ರೈತರು ಕೆರೆ ಮತ್ತು ಕೊಳವೆಬಾವಿಗಳನ್ನು ನಂಬಿ ಹಿಪ್ಪುನೇರಳೆ, ಟೊಮೆಟೊ, ಮಾವು, ರಾಗಿ ಬೆಳೆಯುತ್ತಾರೆ. ಮನೆಯ ಮುಂದೆ ಎರಡು ಹಸು ಕಟ್ಟಿ ಡೇರಿಗೆ ಹಾಲು ಹಾಕುತ್ತಾರೆ. ಈ ಎಲ್ಲ ಕಸುಬುಗಳಿಗೂ ಒಂದು ಕೆಲಸ ಸಮಾನವಾದುದು. ಅದೇ ಹುಲ್ಲು ಮತ್ತು ಕಳೆಯ ಕೆಲಸ. ಹಸುವಿಗೆ ಪ್ರತಿದಿನ ಹಸಿರು ಮೇವು ಕೊಯ್ಯಬೇಕು. ಹಿಪ್ಪುನೇರಳೆ ಕಟಾವಾದ ಮೇಲೆ ಸಾಲುಗಳ ನಡುವೆ ಕಳೆ ತೆಗೆಯಬೇಕು. ಶ್ರೀನಿವಾಸಪುರದ ಕಡೆ ಮಾವಿನ ತೋಪುಗಳಲ್ಲಿ ಹಣ್ಣು ಇಳಿಸುವ ಮೊದಲು ನೆಲ ಚೊಕ್ಕಟ ಮಾಡಬೇಕು. ಹಿಂದೆ ಇವೆಲ್ಲವನ್ನೂ ಕುಡುಗೋಲು ಮತ್ತು ಕುಂಟೆ ಮಾಡುತ್ತಿದ್ದವು. ಇಂದು ಆಳುಗಳ ಅಭಾವದಿಂದ ಹೆಗಲಿಗೆ ತೂಗುಹಾಕಿಕೊಳ್ಳುವ ಹುಲ್ಲು ಕತ್ತರಿಸುವ ಯಂತ್ರ, ಪವರ್ ವೀಡರ್, ಔಷಧಿ ಸಿಂಪಡಿಸುವ ಪವರ್ ಸ್ಪ್ರೇಯರ್ ಮುಂತಾದ ಸಣ್ಣ ಯಂತ್ರಗಳು ಮಾಲೂರು, ಮುಳಬಾಗಿಲು ತಾಲ್ಲೂಕುಗಳ ಹಳ್ಳಿಗಳಿಗೂ ಬಂದಿವೆ. ಪೇಟೆಯ ಉದ್ಯಾನಗಳಲ್ಲಿ ಹುಲ್ಲುಹಾಸು ಸವರುವ ಯಂತ್ರಕ್ಕೂ ಇದೇ ಜಾತಿಯ ಇಂಜಿನ್ನೇ ಇರುತ್ತದೆ.

ಯಂತ್ರ ಕೊಂಡ ರೈತರು ಸಾಮಾನ್ಯವಾಗಿ ಅದರ ಬ್ಲೇಡು, ಬೆಲ್ಟು, ಪೆಟ್ರೋಲುಗಳ ಕಡೆ ಗಮನ ಕೊಡುತ್ತಾರೆ. ಇಂಜಿನ್ನಿನ ಎಣ್ಣೆಯ ವಿಷಯಕ್ಕೆ ಬಂದಾಗ ಮಾತ್ರ ಅಂಗಡಿಯಲ್ಲಿ ಎರಡು ಬೆರಳ ನಡುವೆ ಎಣ್ಣೆ ತಿಕ್ಕಿ ನೋಡಿ, "ದಪ್ಪಗಿದೆ, ಇದೇ ಕೊಡಿ" ಎನ್ನುವುದು ರೂಢಿ. ಈ ಪರೀಕ್ಷೆ ತಣ್ಣನೆಯ ಎಣ್ಣೆಗೆ ಮಾತ್ರ ಸರಿ. ಇಂಜಿನ್ನಿನ ಒಳಗೆ ಎಣ್ಣೆ ಕೆಲಸ ಮಾಡುವುದು ಕುದಿಯುವ ನೀರಿಗಿಂತ ಹೆಚ್ಚಿನ ಬಿಸಿಯಲ್ಲಿ. ಆ ಬಿಸಿಯಲ್ಲಿ ಎಣ್ಣೆ ಎಷ್ಟು ದಪ್ಪ ಉಳಿಯುತ್ತದೆ ಎಂಬುದು ಮುಖ್ಯ. ಅದಕ್ಕಿಂತಲೂ ಮುಖ್ಯವಾದುದು, ಎಣ್ಣೆ ಅಷ್ಟು ಬಿಸಿಯೇರದಂತೆ ನೋಡಿಕೊಳ್ಳುವುದು. ಇದರ ಕಾರಣಗಳನ್ನೂ ಕ್ರಮಗಳನ್ನೂ ಇಲ್ಲಿ ವಿವರಿಸಲಾಗಿದೆ.

ಗಾಳಿಯಿಂದ ತಣಿಯುವ ಇಂಜಿನ್

ಟ್ರ್ಯಾಕ್ಟರ್ ಇಂಜಿನ್ನನ್ನು ರೇಡಿಯೇಟರಿನ ನೀರು ತಣಿಸುತ್ತದೆ. ಹೊರಗಿನ ಹವೆ ಹೇಗೇ ಇದ್ದರೂ ನೀರು ಮತ್ತು ಥರ್ಮೋಸ್ಟಾಟ್ ಸೇರಿ ಇಂಜಿನ್ನಿನ ಬಿಸಿಯನ್ನು ಒಂದು ಮಿತಿಯಲ್ಲಿ ಇಡುತ್ತವೆ. ಸಣ್ಣ ಯಂತ್ರದಲ್ಲಿ ಈ ಏರ್ಪಾಡು ಇಲ್ಲ. ಸಿಲಿಂಡರಿನ ಸುತ್ತ ತೆಳುವಾದ ಲೋಹದ ರೆಕ್ಕೆಗಳಿರುತ್ತವೆ. ಫ್ಲೈವೀಲಿನ ಜೊತೆಯಲ್ಲೇ ತಿರುಗುವ ಫ್ಯಾನು ಗಾಳಿಯನ್ನು ಎಳೆದುಕೊಂಡು, ತಗಡಿನ ಅಥವಾ ಪ್ಲಾಸ್ಟಿಕ್ಕಿನ ಹೊದಿಕೆಯ ಮೂಲಕ ಈ ರೆಕ್ಕೆಗಳ ಸಂದಿಗೆ ನೂಕುತ್ತದೆ. ಬಿಸಿ ಹೊರಹೋಗಲು ಇರುವ ದೊಡ್ಡ ದಾರಿ ಇದು.

ಎರಡನೆಯ ದಾರಿ ಎಣ್ಣೆ. ನಾಲ್ಕು ಸ್ಟ್ರೋಕಿನ ವೀಡರ್ ಇಂಜಿನ್ನುಗಳಲ್ಲಿ ಸಾಮಾನ್ಯವಾಗಿ ಎಣ್ಣೆಯ ಪಂಪೂ ಇಲ್ಲ, ಎಣ್ಣೆ ಸೋಸುವ ಫಿಲ್ಟರೂ ಇಲ್ಲ. ಕನೆಕ್ಟಿಂಗ್ ರಾಡಿನ ತಳದಲ್ಲಿ ಚಮಚದಂಥ ಒಂದು ಮೂತಿ ಇರುತ್ತದೆ. ಇಂಜಿನ್ ತಿರುಗಿದಂತೆಲ್ಲ ಅದು ತಳದ ಎಣ್ಣೆಯಲ್ಲಿ ಮುಳುಗಿ ಎಣ್ಣೆಯನ್ನು ಎಲ್ಲ ಕಡೆಗೂ ಎರಚುತ್ತದೆ. ಇದನ್ನು ಎರಚುವ ಪದ್ಧತಿ ಅಥವಾ ಸ್ಪ್ಲಾಶ್ ಪದ್ಧತಿ ಎನ್ನುತ್ತಾರೆ. ಹೀಗೆ ಎರಚಿದ ಎಣ್ಣೆ ಪಿಸ್ಟನ್, ಬೇರಿಂಗುಗಳ ನಡುವೆ ಪದರವಾಗಿ ನಿಂತು ಸವೆತ ತಪ್ಪಿಸುತ್ತದೆ. ಅವುಗಳ ಬಿಸಿಯನ್ನು ಹೀರಿಕೊಂಡು ಕೆಳಗಿಳಿದು, ತಳದ ಪೆಟ್ಟಿಗೆಯ ಗೋಡೆಗಳಿಗೆ ಒಪ್ಪಿಸುತ್ತದೆ. ಮಸಿ, ಲೋಹದ ಪುಡಿಗಳನ್ನು ತನ್ನಲ್ಲೇ ಹೊತ್ತುಕೊಳ್ಳುತ್ತದೆ.

ಇಷ್ಟೆಲ್ಲ ಕೆಲಸಕ್ಕೆ ಇರುವ ಎಣ್ಣೆಯ ಪ್ರಮಾಣವಾದರೂ ಎಷ್ಟು? ಸುಮಾರು 160 ರಿಂದ 210 ಸಿ.ಸಿ. ಗಾತ್ರದ ವೀಡರ್ ಇಂಜಿನ್ನಿನಲ್ಲಿ ಸುಮಾರು 600 ಮಿಲಿಲೀಟರ್. ಹೆಗಲಿಗೆ ಹಾಕುವ 35 ಸಿ.ಸಿ.ಯ ನಾಲ್ಕು ಸ್ಟ್ರೋಕಿನ ಹುಲ್ಲು ಯಂತ್ರದಲ್ಲಿ ಕೇವಲ 100 ಮಿಲಿಲೀಟರ್, ಅಂದರೆ ಒಂದು ಸಣ್ಣ ಲೋಟ ಕಾಫಿಯಷ್ಟು. ಟ್ರ್ಯಾಕ್ಟರಿನಲ್ಲಿ ಹಲವು ಲೀಟರ್ ಎಣ್ಣೆ ಇರುವುದರಿಂದ ಅರ್ಧ ಲೀಟರ್ ಕಡಿಮೆಯಾದರೂ ಒಂದು ದಿನ ನಡೆದೀತು. ವೀಡರಿನಲ್ಲಿ 200 ಮಿಲಿಲೀಟರ್ ಕಡಿಮೆಯಾದರೆ ಮೂರನೆಯ ಒಂದು ಭಾಗವೇ ಹೋದಂತೆ. ಉಳಿದ ಎಣ್ಣೆ ಅಷ್ಟೇ ಬಿಸಿಯನ್ನು ಹೊರಬೇಕಾಗುತ್ತದೆ.

ಬಿಸಿಯೇರಿದಾಗ ಎಣ್ಣೆಗೆ ಏನಾಗುತ್ತದೆ?

ದ್ರವ ಹರಿಯುವಾಗ ತೋರುವ ತಡೆಗೆ ಸ್ನಿಗ್ಧತೆ ಎಂದು ಹೆಸರು. ಅಂಗಡಿಯಲ್ಲಿ 'ದಪ್ಪ', 'ತೆಳು' ಎನ್ನುವುದು ಇದನ್ನೇ. ಇದನ್ನು ಅಳೆಯುವ ಮಾನ ಸೆಂಟಿಸ್ಟೋಕ್. ಸಾಧಾರಣ ಹವೆಯಲ್ಲಿ ನೀರಿನ ಸ್ನಿಗ್ಧತೆ ಸುಮಾರು 1 ಸೆಂಟಿಸ್ಟೋಕ್. 30 ನೇ ದರ್ಜೆಯ ಒಂದು ಸಾಮಾನ್ಯ ಇಂಜಿನ್ ಎಣ್ಣೆಯ ಸ್ನಿಗ್ಧತೆ ಬಿಸಿಯೊಂದಿಗೆ ಹೀಗೆ ಇಳಿಯುತ್ತದೆ:

20 ಡಿಗ್ರಿ ಸೆಂಟಿಗ್ರೇಡ್ – ಸುಮಾರು 350
40 ಡಿಗ್ರಿ – ಸುಮಾರು 100
100 ಡಿಗ್ರಿ – ಸುಮಾರು 11
120 ಡಿಗ್ರಿ – ಸುಮಾರು 7
130 ಡಿಗ್ರಿ – 6 ಕ್ಕಿಂತ ಸ್ವಲ್ಪ ಕಡಿಮೆ
150 ಡಿಗ್ರಿ – ಸುಮಾರು 4

ಮುಂಜಾನೆ ಜೇನಿನಂತೆ ಇಳಿಯುವ ಎಣ್ಣೆ ಇಂಜಿನ್ನಿನೊಳಗೆ ನೀರಿಗೆ ಹತ್ತಿರವಾಗಿಬಿಡುತ್ತದೆ ಎಂಬುದನ್ನು ಈ ಅಂಕೆಗಳು ತೋರಿಸುತ್ತವೆ. ನೀರಿನಿಂದ ತಣಿಯುವ ಇಂಜಿನ್ನಿನಲ್ಲಿ ಎಣ್ಣೆ ಸಾಮಾನ್ಯವಾಗಿ 90 ರಿಂದ 110 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಗಾಳಿಯಿಂದ ತಣಿಯುವ ಸಣ್ಣ ಇಂಜಿನ್ನಿಗೆ ಬೇಸಿಗೆಯ ಮಧ್ಯಾಹ್ನ ಭಾರದ ಕೆಲಸ ಕೊಟ್ಟರೆ ಅದು 120, 130 ಡಿಗ್ರಿಯನ್ನು ಮುಟ್ಟುವುದು ಅಪರೂಪವಲ್ಲ. ರೆಕ್ಕೆಗಳು ಕಟ್ಟಿಕೊಂಡಿದ್ದರೆ ಇನ್ನೂ ಮೇಲೇರುತ್ತದೆ. ಎಣ್ಣೆಯ ಪದರ ತೆಳುವಾದಷ್ಟೂ ಲೋಹಕ್ಕೆ ಲೋಹ ತಗಲುವ ಸಂಭವ ಹೆಚ್ಚು. ಉಜ್ಜಾಟದಿಂದ ಮತ್ತಷ್ಟು ಬಿಸಿ, ಬಿಸಿಯಿಂದ ಎಣ್ಣೆ ಮತ್ತಷ್ಟು ತೆಳು. ಈ ಸುಳಿಯ ಕೊನೆಯಲ್ಲಿ ಇಂಜಿನ್ ಸೀಜ್ ಆಗುತ್ತದೆ, ಅಂದರೆ ಪಿಸ್ಟನ್ ಅಥವಾ ಬೇರಿಂಗು ಕಚ್ಚಿಕೊಂಡು ನಿಂತುಬಿಡುತ್ತದೆ.

ಬಿಸಿಯ ಎರಡನೆಯ ಕೆಡುಕು ಎಣ್ಣೆಯ ಆಯುಸ್ಸಿಗೆ ಸಂಬಂಧಿಸಿದುದು. ಬಿಸಿ ಎಣ್ಣೆ ಗಾಳಿಯಲ್ಲಿನ ಆಮ್ಲಜನಕದೊಂದಿಗೆ ಸೇರಿ ಕೆಡುತ್ತದೆ. ಆಮ್ಲ, ಅಂಟು, ಗಸಿಗಳು ಉಂಟಾಗುತ್ತವೆ. ಸುಮಾರಾದ ಲೆಕ್ಕದಲ್ಲಿ ಹೇಳುವುದಾದರೆ, ಬಿಸಿ ಪ್ರತಿ 10 ಡಿಗ್ರಿ ಏರಿದಾಗ ಎಣ್ಣೆ ಕೆಡುವ ವೇಗ ಇಮ್ಮಡಿಯಾಗುತ್ತದೆ. 110 ಡಿಗ್ರಿಯಲ್ಲಿ 100 ಗಂಟೆ ಬಾಳಬಹುದಾದ ಎಣ್ಣೆ 130 ಡಿಗ್ರಿಯಲ್ಲಿ ಅದರ ಕಾಲುಭಾಗ ಮಾತ್ರ ಬಾಳೀತು.

ಇದಕ್ಕೆ ವಿರುದ್ಧವಾಗಿ, ಎಣ್ಣೆ ಬಿಸಿಯೇ ಆಗದಿದ್ದರೂ ಒಳ್ಳೆಯದಲ್ಲ. ದಿನಕ್ಕೆ ಐದು ನಿಮಿಷ ಮಾತ್ರ ಓಡಿಸಿ ನಿಲ್ಲಿಸುವ ಯಂತ್ರದಲ್ಲಿ ಒಳಗೆ ಕೂಡಿದ ನೀರಿನ ಪಸೆ, ಪೆಟ್ರೋಲಿನ ಅಂಶಗಳು ಆವಿಯಾಗಿ ಹೊರಹೋಗುವುದಿಲ್ಲ. ಎಣ್ಣೆ ತೆಳುವಾಗಿ ತುಕ್ಕಿಗೆ ದಾರಿಯಾಗುತ್ತದೆ. ಅಂಥ ಯಂತ್ರವನ್ನು ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಸತತವಾಗಿ ಕೆಲಸದಲ್ಲಿ ನಡೆಸಬೇಕು.

ಡಬ್ಬಿಯ ಮೇಲಿನ ಅಂಕೆಗಳ ಅರ್ಥ

ಡಬ್ಬಿಯ ಮೇಲೆ ಎಸ್.ಎ.ಇ. ಎಂಬ ಅಕ್ಷರಗಳ ಮುಂದೆ 30, 40, 10ಡಬ್ಲ್ಯೂ-30, 20ಡಬ್ಲ್ಯೂ-40 ಎಂದು ಇರುತ್ತದೆ. ಎಸ್.ಎ.ಇ. ಎಂಬುದು ಅಮೆರಿಕದ ವಾಹನ ಇಂಜಿನಿಯರುಗಳ ಸಂಸ್ಥೆಯ ಹೆಸರಿನ ಮೊದಲಕ್ಷರಗಳು. ಅದು ಎಣ್ಣೆಯ ಸ್ನಿಗ್ಧತೆಗೆ ಮಾತ್ರ ದರ್ಜೆ ಕೊಟ್ಟಿದೆ.

30, 40 ಎಂಬ ಅಂಕೆ 100 ಡಿಗ್ರಿ ಬಿಸಿಯಲ್ಲಿನ ದಪ್ಪವನ್ನು ಹೇಳುತ್ತದೆ. ಆ ಬಿಸಿಯಲ್ಲಿ 30 ನೇ ದರ್ಜೆಯ ಎಣ್ಣೆ 9.3 ರಿಂದ 12.5 ಸೆಂಟಿಸ್ಟೋಕಿನ ನಡುವೆಯೂ, 40 ನೇ ದರ್ಜೆಯದು 12.5 ರಿಂದ 16.3 ರ ನಡುವೆಯೂ ಇರಬೇಕು. ಡಬ್ಲ್ಯೂ ಎಂಬ ಅಕ್ಷರ ಚಳಿಗಾಲದ ಸೂಚನೆ. ಅದರ ಹಿಂದಿನ ಅಂಕೆ ಕಡಿಮೆಯಾದಷ್ಟೂ ಎಣ್ಣೆ ಹೆಚ್ಚಿನ ಚಳಿಯಲ್ಲೂ ಹರಿಯುತ್ತದೆ. 20ಡಬ್ಲ್ಯೂ ಎಣ್ಣೆಯನ್ನು ಪರೀಕ್ಷಿಸುವುದು ಸೊನ್ನೆಗಿಂತ 15 ಡಿಗ್ರಿ ಕೆಳಗೆ. 10ಡಬ್ಲ್ಯೂ ಎಣ್ಣೆಯನ್ನು ಸೊನ್ನೆಗಿಂತ 25 ಡಿಗ್ರಿ ಕೆಳಗೆ. ಅಂಥ ಚಳಿ ಕೋಲಾರ ಜಿಲ್ಲೆಗಾಗಲಿ ಕರ್ನಾಟಕದ ಬೇರೆ ಯಾವ ಜಿಲ್ಲೆಗಾಗಲಿ ಇಲ್ಲ. ಆದುದರಿಂದ ಇಲ್ಲಿನ ರೈತರು ಡಬ್ಲ್ಯೂ ಹಿಂದಿನ ಅಂಕೆಗಾಗಿ ಹೆಚ್ಚು ಹಣ ತೆರಬೇಕಾದ ಅಗತ್ಯವಿಲ್ಲ. ಮುಂದಿನ ಅಂಕೆಯ ಕಡೆ ಗಮನವಿದ್ದರೆ ಸಾಕು.

ಎ.ಪಿ.ಐ. ಎಂಬ ಗುರುತು ಗುಣಮಟ್ಟಕ್ಕೆ ಸಂಬಂಧಿಸಿದುದು. ಪೆಟ್ರೋಲ್ ಇಂಜಿನ್ನಿನ ಎಣ್ಣೆಗೆ ಎಸ್ ಅಕ್ಷರದಿಂದ ಆರಂಭವಾಗುವ ಗುರುತು (ಎಸ್‌ಜೆ, ಎಸ್‌ಎಲ್, ಎಸ್‌ಎಂ, ಎಸ್‌ಎನ್), ಡೀಸೆಲ್ ಇಂಜಿನ್ನಿನ ಎಣ್ಣೆಗೆ ಸಿ ಅಕ್ಷರದಿಂದ ಆರಂಭವಾಗುವ ಗುರುತು (ಸಿಎಫ್-4, ಸಿಎಚ್-4, ಸಿಐ-4) ಇರುತ್ತದೆ. ಪೆಟ್ರೋಲ್ ವೀಡರಿಗೆ ಎಸ್‌ಜೆ ಅಥವಾ ಅದರ ನಂತರದ ಗುರುತು ಇದ್ದರೆ ಸಾಕು. ಎರಡೂ ಗುರುತುಗಳಿಲ್ಲದ ಬಿಡಿ ಎಣ್ಣೆಯನ್ನು ಎಷ್ಟೇ ಅಗ್ಗವಾಗಿ ಸಿಕ್ಕರೂ ಕೊಳ್ಳಬಾರದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಗೇರ್ ಎಣ್ಣೆಯ ಡಬ್ಬಿಯ ಮೇಲೆ 90 ಎಂದಿರುತ್ತದೆ. 40 ಕ್ಕಿಂತ 90 ದೊಡ್ಡದು, ಆದುದರಿಂದ ಹೆಚ್ಚು ದಪ್ಪ, ಇಂಜಿನ್ನಿಗೆ ಹೆಚ್ಚು ಭದ್ರ ಎಂದು ಭಾವಿಸಿ ಅದನ್ನು ಇಂಜಿನ್ನಿಗೆ ಸುರಿಯುವವರಿದ್ದಾರೆ. ಗೇರ್ ಎಣ್ಣೆಯ ದರ್ಜೆಯ ಅಳತೆಯೇ ಬೇರೆ. 90 ನೇ ಗೇರ್ ಎಣ್ಣೆಯ ದಪ್ಪ ಹೆಚ್ಚುಕಡಿಮೆ 40 ಅಥವಾ 50 ನೇ ಇಂಜಿನ್ ಎಣ್ಣೆಯಷ್ಟೇ. ಮಸಿಯನ್ನು ಹೊತ್ತು ಇಂಜಿನ್ನನ್ನು ಚೊಕ್ಕಟವಾಗಿಡುವ ಗುಣ ಅದಕ್ಕಿಲ್ಲ. ಗೇರ್ ಎಣ್ಣೆ ವೀಡರಿನ ಗೇರ್ ಪೆಟ್ಟಿಗೆಗೆ ಮಾತ್ರ.

ಯಾವ ಎಣ್ಣೆಯನ್ನು ಆರಿಸಬೇಕು?

ಮೊದಲ ಮಾತು ಯಂತ್ರದ ಜೊತೆ ಬಂದ ಕೈಪಿಡಿಯದು. ಅದರಲ್ಲಿ ಹವೆಯ ಬಿಸಿಗೆ ತಕ್ಕಂತೆ ಎಣ್ಣೆಯ ದರ್ಜೆ ತೋರಿಸುವ ಪಟ್ಟಿ ಇರುತ್ತದೆ. ಈ ಪಟ್ಟಿಯ ಬಹುಭಾಗ ಹಿಮ ಬೀಳುವ ದೇಶಗಳನ್ನು ಕುರಿತದ್ದು. ಕೋಲಾರ ಜಿಲ್ಲೆಯವರು ಆ ಪಟ್ಟಿಯಲ್ಲಿ 15 ರಿಂದ 40 ಡಿಗ್ರಿಯವರೆಗಿನ ಭಾಗವನ್ನು ಮಾತ್ರ ನೋಡಬೇಕು.

30 ನೇ ದರ್ಜೆಯ ಎಣ್ಣೆ: ಬೆಚ್ಚನೆಯ ಹವೆಯಲ್ಲಿ ಕೆಲಸ ಮಾಡುವ ಸಣ್ಣ ಪೆಟ್ರೋಲ್ ಇಂಜಿನ್ನುಗಳಿಗೆ ಬಹಳ ಕಾಲದಿಂದ ಸಲಹೆ ಮಾಡುತ್ತಿರುವ ಎಣ್ಣೆ ಇದು. ಇದು ಒಂದೇ ದರ್ಜೆಯದಾದುದರಿಂದ ದಪ್ಪ ಮಾಡುವ ಪಾಲಿಮರುಗಳನ್ನು ಇದರಲ್ಲಿ ಬೆರೆಸಿರುವುದಿಲ್ಲ; ಉಜ್ಜಾಟಕ್ಕೆ ಸಿಕ್ಕಿ ಅವು ತುಂಡಾಗಿ ಎಣ್ಣೆ ತೆಳುವಾಗುವ ಭಯವಿಲ್ಲ. ಆದರೆ ಹಳ್ಳಿಯ ಅಂಗಡಿಗಳಲ್ಲಿ ಎಲ್ಲ ಕಾಲದಲ್ಲೂ ಸಿಗುವುದಿಲ್ಲ.

10ಡಬ್ಲ್ಯೂ-30 ಎಣ್ಣೆ: ಅನೇಕ ಕೈಪಿಡಿಗಳು ಇದನ್ನು ಎಲ್ಲ ಕಾಲಕ್ಕೂ ಸೂಚಿಸುತ್ತವೆ. ಆದರೆ ಹವೆ 27 ಡಿಗ್ರಿ ದಾಟಿದಾಗ ಇದನ್ನು ಬಳಸಿದರೆ ಎಣ್ಣೆಯ ಖರ್ಚು ಹೆಚ್ಚಬಹುದು, ಮಟ್ಟವನ್ನು ಮೇಲಿಂದ ಮೇಲೆ ನೋಡಬೇಕು ಎಂದು ಅಮೆರಿಕದ ಬ್ರಿಗ್ಸ್ ಅಂಡ್ ಸ್ಟ್ರ್ಯಾಟನ್ ಕಂಪನಿಯ ಕೈಪಿಡಿಗಳು ಎಚ್ಚರಿಸುತ್ತವೆ. ಕೋಲಾರದಲ್ಲಿ ಫೆಬ್ರವರಿಯಿಂದ ಮೇ ತನಕ ಹಗಲು ಹೊತ್ತು ಹವೆ 27 ಡಿಗ್ರಿಗಿಂತ ಮೇಲೆಯೇ ಇರುತ್ತದೆ. ಈ ಎಣ್ಣೆ ಬಳಸುವವರು ಪ್ರತಿ ಬಾರಿ ಪೆಟ್ರೋಲ್ ತುಂಬುವಾಗಲೂ ಮಟ್ಟ ನೋಡುವುದು ಒಳಿತು.

20ಡಬ್ಲ್ಯೂ-40 ಎಣ್ಣೆ: ಮೋಟಾರ್ ಸೈಕಲ್ಲಿಗೆ ಬಳಸುವ ಈ ಎಣ್ಣೆ ಎಲ್ಲ ಊರುಗಳಲ್ಲೂ ದೊರೆಯುತ್ತದೆ. ಕೈಪಿಡಿ 40 ನೇ ದರ್ಜೆಗೆ ಒಪ್ಪಿದರೆ ಬೇಸಿಗೆಯ ಭಾರದ ಕೆಲಸಕ್ಕೆ ಇದು ತಕ್ಕುದು. ಮೋಟಾರ್ ಸೈಕಲ್ಲಿನ ಕ್ಲಚ್ಚಿಗಾಗಿ ಇರುವ ಗುರುತು ವೀಡರಿಗೆ ಬೇಕಿಲ್ಲ, ಇದ್ದರೆ ಕೆಡುಕೂ ಇಲ್ಲ.

ಸಿಂಥೆಟಿಕ್ ಎಣ್ಣೆ: ಹೆಚ್ಚಿನ ಬಿಸಿಯನ್ನು ತಡೆಯುತ್ತದೆ, ಆವಿಯಾಗುವುದೂ ಕಡಿಮೆ. ಬೆಲೆ ಹೆಚ್ಚು. "ದುಬಾರಿ ಎಣ್ಣೆ, ಎರಡರಷ್ಟು ಕಾಲ ನಡೆಯಲಿ" ಎಂದು ಬದಲಾವಣೆಯ ಅವಧಿಯನ್ನು ಲಂಬಿಸಬಾರದು. ಫಿಲ್ಟರ್ ಇಲ್ಲದ ಇಂಜಿನ್ನಿನಲ್ಲಿ ಎಣ್ಣೆ ಕೆಡದಿದ್ದರೂ ಅದರಲ್ಲಿ ಸೇರಿದ ಧೂಳು, ಲೋಹದ ಪುಡಿ ಅಲ್ಲೇ ಉಳಿಯುತ್ತವೆ.

ಈಗ ಮುಖ್ಯವಾದ ಒಂದು ಹೋಲಿಕೆಯನ್ನು ಗಮನಿಸಬೇಕು. 40 ನೇ ದರ್ಜೆಯ ಸಾಮಾನ್ಯ ಎಣ್ಣೆಯ ಸ್ನಿಗ್ಧತೆ 130 ಡಿಗ್ರಿಯಲ್ಲಿ ಸುಮಾರು 7 ಸೆಂಟಿಸ್ಟೋಕ್. 30 ನೇ ದರ್ಜೆಯದು 120 ಡಿಗ್ರಿಯಲ್ಲಿ ಸುಮಾರು 7 ಸೆಂಟಿಸ್ಟೋಕ್ ಎಂಬುದನ್ನು ಮೇಲೆಯೇ ನೋಡಲಾಗಿದೆ. ಅಂದರೆ ಎಣ್ಣೆಯ ಬಿಸಿಯನ್ನು 10 ಡಿಗ್ರಿ ಇಳಿಸಿದರೆ ಒಂದು ದರ್ಜೆ ದಪ್ಪನೆಯ ಎಣ್ಣೆ ಹಾಕಿದಷ್ಟೇ ಪ್ರಯೋಜನ. ಅದರ ಮೇಲೆ ಎಣ್ಣೆಯ ಆಯುಸ್ಸು ಇಮ್ಮಡಿಯಾಗುವ ಲಾಭ ಬೇರೆ. ದಪ್ಪ ಎಣ್ಣೆಗೆ ಹಣ ಬೇಕು; ಬಿಸಿ ಇಳಿಸಲು ಒಂದು ಬ್ರಷ್ಷು ಮತ್ತು ಹತ್ತು ನಿಮಿಷದ ಕೆಲಸ ಸಾಕು.

ಎಣ್ಣೆ ಅತಿಯಾಗಿ ಬಿಸಿಯೇರಲು ಕಾರಣಗಳು ಮತ್ತು ಪರಿಹಾರ

1. ಕಟ್ಟಿಕೊಂಡ ರೆಕ್ಕೆಗಳು: ಒಣ ಹುಲ್ಲಿನ ಚೂರು, ಕಾಂಗ್ರೆಸ್ ಗಿಡದ ಹೂವಿನ ಪುಡಿ, ಕೆಂಪು ಮಣ್ಣಿನ ಧೂಳುಗಳು ಫ್ಯಾನಿನ ಜಾಲರಿಯಲ್ಲಿ ಮತ್ತು ರೆಕ್ಕೆಗಳ ಸಂದಿಯಲ್ಲಿ ಸೇರಿ ಕಂಬಳಿಯಂತೆ ಕೂಡುತ್ತವೆ. ಎಣ್ಣೆಯ ಜಿಡ್ಡು ಸೇರಿದರೆ ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ. ಜಾಲರಿಯನ್ನು ಪ್ರತಿದಿನವೂ, ಹೊದಿಕೆ ಬಿಚ್ಚಿ ರೆಕ್ಕೆಗಳನ್ನು ಎಣ್ಣೆ ಬದಲಾಯಿಸುವಾಗಲೆಲ್ಲ ಒಣ ಬ್ರಷ್ಷಿನಿಂದ ಅಥವಾ ಗಾಳಿಯ ಒತ್ತಡದಿಂದ ಚೊಕ್ಕಟ ಮಾಡಬೇಕು. ಬಿಸಿ ಇಂಜಿನ್ನಿನ ಮೇಲೆ ನೀರು ಹುಯ್ಯಬಾರದು, ಲೋಹ ಬಿರಿಯಬಹುದು.

2. ತೆಗೆದಿಟ್ಟ ಹೊದಿಕೆ: "ಇಂಜಿನ್ನಿಗೆ ಗಾಳಿ ಚೆನ್ನಾಗಿ ತಗಲಲಿ" ಎಂದು ಹೊದಿಕೆಯನ್ನೇ ಬಿಚ್ಚಿಟ್ಟು ಓಡಿಸುವುದು ದೊಡ್ಡ ತಪ್ಪು. ಹೊದಿಕೆ ಇಲ್ಲದಿದ್ದರೆ ಫ್ಯಾನಿನ ಗಾಳಿ ರೆಕ್ಕೆಗಳ ಸಂದಿಗೆ ಹೋಗದೆ ಸುತ್ತಲೂ ಚದುರಿಹೋಗುತ್ತದೆ. ಹೊದಿಕೆಯ ಒಂದು ಬೋಲ್ಟು ಕಳೆದು ಸಂದು ಬಿಟ್ಟಿದ್ದರೂ ಗಾಳಿ ಅಲ್ಲೇ ಸೋರುತ್ತದೆ.

3. ಕಡಿಮೆ ವೇಗದಲ್ಲಿ ಹೆಚ್ಚು ಭಾರ: ಫ್ಯಾನು ಇಂಜಿನ್ನಿನಷ್ಟೇ ವೇಗವಾಗಿ ತಿರುಗುತ್ತದೆ. ಪೆಟ್ರೋಲ್ ಉಳಿಸಲೆಂದು ಥ್ರಾಟಲ್ ಅರ್ಧಕ್ಕಿಟ್ಟು ಆಳವಾಗಿ ಉತ್ತರೆ ಭಾರ ಹೆಚ್ಚು, ಗಾಳಿ ಕಡಿಮೆ. ಕೆಲಸದ ಹೊತ್ತಿನಲ್ಲಿ ಥ್ರಾಟಲನ್ನು ಕೈಪಿಡಿ ಹೇಳಿದಷ್ಟು ಪೂರ್ತಿಯಾಗಿಟ್ಟು, ಆಳವನ್ನು ಕಡಿಮೆ ಮಾಡಬೇಕು. ಗಟ್ಟಿ ನೆಲವನ್ನು ಒಂದೇ ಸಲ ಆಳವಾಗಿ ಕೆದಕುವುದಕ್ಕಿಂತ ಎರಡು ಸಲ ಮೇಲಾಗಿ ನಡೆಸುವುದು ಮೇಲು.

4. ಮೊಂಡಾದ ಬ್ಲೇಡು: ಮೊಂಡು ಬ್ಲೇಡು ಹುಲ್ಲನ್ನು ಕತ್ತರಿಸುವ ಬದಲು ಬಡಿಯುತ್ತದೆ. ಆ ವ್ಯರ್ಥ ಶ್ರಮವೆಲ್ಲ ಇಂಜಿನ್ನಿನ ಬಿಸಿಯಾಗುತ್ತದೆ. ನೇಪಿಯರ್‌ನಂಥ ದಪ್ಪ ಕಾಂಡದ ಮೇವು ಕೊಯ್ಯುವವರು ಬ್ಲೇಡನ್ನು ಆಗಾಗ ಮಸೆಯಬೇಕು.

5. ಬಿಸಿಲು ಹೊತ್ತಿನ ಕೆಲಸ: ಹೊರಗಿನ ಹವೆ 25 ಡಿಗ್ರಿ ಇರುವಾಗ ಮಾಡಿದ ಕೆಲಸವನ್ನೇ 37 ಡಿಗ್ರಿಯಲ್ಲಿ ಮಾಡಿದರೆ ಎಣ್ಣೆಯ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತು ಗಂಟೆಯೊಳಗೆ ಮತ್ತು ಸಂಜೆ ನಾಲ್ಕರ ನಂತರ ಯಂತ್ರ ನಡೆಸುವುದು ಯಂತ್ರಕ್ಕೂ ಲೇಸು, ನಡೆಸುವವನಿಗೂ ಲೇಸು.

6. ಒಮ್ಮೆಲೇ ನಿಲ್ಲಿಸುವುದು: ಭಾರದ ಕೆಲಸದ ನಡುವೆ ಇಂಜಿನ್ನನ್ನು ಥಟ್ಟನೆ ನಿಲ್ಲಿಸಿದರೆ ಫ್ಯಾನೂ ನಿಂತು ಸಿಲಿಂಡರಿನ ಬಿಸಿ ಒಳಗೇ ಉಳಿಯುತ್ತದೆ. ಎರಡು ಮೂರು ನಿಮಿಷ ಭಾರವಿಲ್ಲದೆ ಓಡಿಸಿ ನಂತರ ನಿಲ್ಲಿಸಬೇಕು. ಇಂಜಿನ್ ತಣಿದ ಮೇಲೆಯೇ ಪೆಟ್ರೋಲ್ ತುಂಬಬೇಕು.

7. ಕಲ್ಲಿನ ಧೂಳು: ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ವಿಗ್ರಹ ಕೆತ್ತನೆಗೆ ಹೆಸರಾದ ಊರು. ಕಲ್ಲು ಕೊಯ್ದು ಉಜ್ಜುವ ಕೊಟ್ಟಿಗೆಗಳ ಪಕ್ಕದ ಹಿತ್ತಿಲು, ಹೊಲಗಳಲ್ಲಿ ಯಂತ್ರ ನಡೆಸುವವರು ಗಾಳಿ ಸೋಸುವ ಏರ್ ಕ್ಲೀನರಿನ ಬಗ್ಗೆ ಹೆಚ್ಚಿನ ಎಚ್ಚರ ವಹಿಸಬೇಕು. ಗಟ್ಟಿ ಕಲ್ಲಿನ ಪುಡಿಯಲ್ಲಿರುವ ಬೆಣಚುಕಲ್ಲಿನ ಕಣಗಳು ಸಿಲಿಂಡರಿನ ಲೋಹಕ್ಕಿಂತ ಗಡುಸು. ಹರಿದ ಏರ್ ಕ್ಲೀನರಿನ ಮೂಲಕ ಅವು ಒಳಹೊಕ್ಕರೆ ಎಣ್ಣೆಯೇ ಸಾಣೆಯ ಹಿಟ್ಟಾಗಿ ಪಿಸ್ಟನ್ ರಿಂಗುಗಳನ್ನು ತೇಯುತ್ತದೆ. ಇಂಥ ಕಡೆ ಸ್ಪಂಜನ್ನು ಪ್ರತಿದಿನ ನೋಡಿ, ಕೈಪಿಡಿಯ ಕ್ರಮದಂತೆ ತೊಳೆದು ಒಣಗಿಸಿ ಹಾಕಬೇಕು.

ಎಣ್ಣೆಯ ಮಟ್ಟ

ಯಂತ್ರವನ್ನು ಸಮತಟ್ಟಾದ ನೆಲದ ಮೇಲಿಟ್ಟು, ನಿಲ್ಲಿಸಿ ಐದು ಹತ್ತು ನಿಮಿಷ ಬಿಟ್ಟು ಮಟ್ಟ ನೋಡಬೇಕು. ಅಳತೆಕಡ್ಡಿಯನ್ನು ಕೆಲವು ಇಂಜಿನ್ನುಗಳಲ್ಲಿ ತಿರುಪದೆ ಸುಮ್ಮನೆ ಇಳಿಸಿ ನೋಡಬೇಕು. ಕೆಲವುಗಳಲ್ಲಿ ಪೂರ್ತಿ ತಿರುಪಿ ನೋಡಬೇಕು. ಈ ವ್ಯತ್ಯಾಸ ತಿಳಿಯದೆ ಎಣ್ಣೆ ಸುರಿದರೆ ಮಟ್ಟ ತಪ್ಪುತ್ತದೆ. ದಿನದ ಕೆಲಸ ಆರಂಭಿಸುವ ಮೊದಲು ಒಮ್ಮೆ, ಬೇಸಿಗೆಯಲ್ಲಿ ಪ್ರತಿ ಟ್ಯಾಂಕಿಗೆ ಒಮ್ಮೆ ನೋಡುವ ಅಭ್ಯಾಸವಿರಲಿ.

ಮಟ್ಟ ಕಡಿಮೆಯಾದರೆ ಎರಚುವ ಮೂತಿ ಎಣ್ಣೆಗೆ ಎಟಕುವುದಿಲ್ಲ. ಹೆಚ್ಚಾದರೂ ಅಪಾಯವೇ. ಹೆಚ್ಚು ಎಣ್ಣೆ ಮೊಸರು ಕಡೆದಂತೆ ಕಡೆಯಲ್ಪಟ್ಟು ನೊರೆಯಾಗಿ ಬಿಸಿಯೇರುತ್ತದೆ, ಏರ್ ಕ್ಲೀನರ್ ಎಣ್ಣೆಯಿಂದ ತೊಯ್ಯುತ್ತದೆ, ನೀಲಿ ಹೊಗೆ ಬರುತ್ತದೆ.

ಇಳಿಜಾರಿನಲ್ಲಿ ಎಣ್ಣೆ ಒಂದು ಬದಿಗೆ ಸರಿಯುತ್ತದೆ. ಸ್ಪ್ಲಾಶ್ ಪದ್ಧತಿಯ ಅನೇಕ ಇಂಜಿನ್ನುಗಳಿಗೆ 20 ಡಿಗ್ರಿ ಓರೆಯೇ ಮಿತಿ. ಕೆರೆಯ ಏರಿ, ಎತ್ತರದ ಬದುಗಳ ಮೇಲಿನ ಹುಲ್ಲಿಗೆ ವೀಡರನ್ನು ಓರೆಯಾಗಿ ನಡೆಸದೆ, ಯಾವ ಭಂಗಿಯಲ್ಲೂ ಓಡುವಂತೆ ರಚಿಸಿದ ಹೆಗಲಿನ ಯಂತ್ರವನ್ನು ಬಳಸಬೇಕು.

ಬದಲಾವಣೆ: ತಿಂಗಳ ಲೆಕ್ಕವಲ್ಲ, ಗಂಟೆಯ ಲೆಕ್ಕ

ಹೊಸ ಇಂಜಿನ್ನಿನಲ್ಲಿ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಲೋಹದ ಪುಡಿ ಏಳುತ್ತದೆ. ಆದುದರಿಂದ ಮೊದಲ ಎಣ್ಣೆಯನ್ನು ಬೇಗನೆ ತೆಗೆಯಬೇಕು. ಇಂಜಿನ್ನಿನ ಜಾತಿಗೆ ತಕ್ಕಂತೆ ಇದು 5 ರಿಂದ 20 ಗಂಟೆಯೊಳಗೆ ಇರುತ್ತದೆ. ಆಮೇಲೆ ಕೈಪಿಡಿಯ ಪ್ರಕಾರ 50 ಅಥವಾ 100 ಗಂಟೆಗೊಮ್ಮೆ. ಧೂಳು, ಬಿಸಿಲು, ಭಾರ ಮೂರೂ ಸೇರುವ ಬೇಸಿಗೆಯ ಕೆಲಸದಲ್ಲಿ ಈ ಅವಧಿಯನ್ನು ಅರ್ಧಕ್ಕೆ ಇಳಿಸುವುದು ಕ್ಷೇಮ.

ಉದಾಹರಣೆಗೆ, ಹಿಪ್ಪುನೇರಳೆ ತೋಟದಲ್ಲಿ ದಿನಕ್ಕೆ 5 ಗಂಟೆ ನಡೆಯುವ ವೀಡರಿಗೆ 50 ಗಂಟೆ ಹತ್ತೇ ದಿನದಲ್ಲಿ ಮುಗಿಯುತ್ತದೆ. ಮೇವು ಕೊಯ್ಯಲು ದಿನಕ್ಕೆ ಒಂದು ಗಂಟೆ ಓಡುವ ಹುಲ್ಲು ಯಂತ್ರಕ್ಕೆ ಅದೇ 50 ಗಂಟೆಗೆ 50 ದಿನ ಬೇಕು. "ಯುಗಾದಿಗೆ ಹಾಕಿದ್ದು, ದೀಪಾವಳಿಗೆ ಬದಲಾಯಿಸೋಣ" ಎಂಬ ಲೆಕ್ಕ ಇಬ್ಬರಿಗೂ ಸಲ್ಲದು.

ಗಂಟೆ ಲೆಕ್ಕ ಇಡುವುದು ಕಷ್ಟವಲ್ಲ. ಟ್ಯಾಂಕ್ ಪೂರ್ತಿ ತುಂಬಿಸಿ ಎಷ್ಟು ಗಂಟೆ ನಡೆಯುತ್ತದೆಂದು ಗಡಿಯಾರದಲ್ಲಿ ಒಮ್ಮೆ ನೋಡಿಕೊಳ್ಳಬೇಕು. ಎರಡು ಗಂಟೆ ನಡೆದರೆ 25 ಟ್ಯಾಂಕಿಗೆ 50 ಗಂಟೆ. ಪ್ರತಿ ಟ್ಯಾಂಕಿಗೆ ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಒಂದು ಗೀಟು ಎಳೆದರೆ ಸಾಕು. ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳ ಮತ್ತು ಸ್ವಸಹಾಯ ಗುಂಪುಗಳ ಯಂತ್ರಗಳು ಹಲವರ ಕೈ ಬದಲಾಯಿಸುವುದರಿಂದ, ಅವುಗಳ ಜೊತೆ ಒಂದು ಪುಸ್ತಕವೇ ಇರಬೇಕು. ಎಲ್ಲರ ಯಂತ್ರದ ಎಣ್ಣೆಯನ್ನು ಯಾರೂ ನೋಡುವುದಿಲ್ಲ.

ಎಣ್ಣೆ ತೆಗೆಯುವಾಗ ಇಂಜಿನ್ ಬೆಚ್ಚಗಿರಬೇಕು, ಸುಡುವಂತಿರಬಾರದು. ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಮೊದಲು ಕಳಚಬೇಕು. ತೆಗೆದ ಎಣ್ಣೆಯ ಒಂದೆರಡು ಹನಿಯನ್ನು ಬಿಳಿಯ ಕಾಗದದ ಮೇಲೆ ಬಿಟ್ಟು ಪರೀಕ್ಷಿಸಬೇಕು:

– ಕಪ್ಪಾಗಿದ್ದರೆ ಮಾತ್ರಕ್ಕೆ ಗಾಬರಿಯಿಲ್ಲ. ಎಣ್ಣೆ ಮಸಿಯನ್ನು ಹೊತ್ತಿದೆ ಎಂದರ್ಥ.
– ಕೆಲವೇ ಗಂಟೆಗಳಲ್ಲಿ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಎಣ್ಣೆ ಅತಿಯಾಗಿ ಬಿಸಿಯೇರುತ್ತಿದೆ. ರೆಕ್ಕೆ, ಹೊದಿಕೆ, ಮಟ್ಟಗಳನ್ನು ನೋಡಬೇಕು.
– ತೆಳುವಾಗಿ ಪೆಟ್ರೋಲ್ ವಾಸನೆ ಬಂದರೆ ಕಾರ್ಬ್ಯುರೇಟರಿನಿಂದ ಪೆಟ್ರೋಲ್ ಇಳಿಯುತ್ತಿದೆ.
– ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ.
– ಬಿಸಿಲಿನಲ್ಲಿ ಮಿನುಗುವ ಕಣಗಳಿದ್ದರೆ ಒಳಭಾಗ ಸವೆಯುತ್ತಿದೆ. ತಡಮಾಡದೆ ಮೆಕ್ಯಾನಿಕ್ಕಿಗೆ ತೋರಿಸಬೇಕು.

ವಿಸ್ತರಣಾ ಕಾರ್ಯಕರ್ತರು ಮುಟ್ಟದೆಯೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಪ್ರಾತ್ಯಕ್ಷಿಕೆಗಳಿಗೆ ಒಯ್ದರೆ ಉಪಯೋಗವಾದೀತು. ಅರ್ಧ ಗಂಟೆ ಕೆಲಸ ಮಾಡಿದ ಇಂಜಿನ್ನಿನ ತಳಪೆಟ್ಟಿಗೆಯ ಬದಿಯನ್ನು, ರೆಕ್ಕೆ ಚೊಕ್ಕಟ ಮಾಡುವ ಮೊದಲೊಮ್ಮೆ, ಮಾಡಿದ ಮೇಲೊಮ್ಮೆ ಅಳೆದು ತೋರಿಸಬೇಕು. ಒಳಗಿನ ಎಣ್ಣೆ ಅದಕ್ಕಿಂತ ಸ್ವಲ್ಪ ಹೆಚ್ಚೇ ಬಿಸಿಯಾಗಿರುತ್ತದೆ. ಕಣ್ಣಾರೆ ಕಂಡ ಅಂಕೆ ಹತ್ತು ಭಾಷಣಗಳಿಗಿಂತ ಹೆಚ್ಚು ನಾಟುತ್ತದೆ.

ಎರಡು ಸ್ಟ್ರೋಕಿನ ಇಂಜಿನ್

ಹೆಗಲಿನ ಸ್ಪ್ರೇಯರುಗಳಲ್ಲಿ, ಕೆಲವು ಹುಲ್ಲು ಯಂತ್ರಗಳಲ್ಲಿ ಎರಡು ಸ್ಟ್ರೋಕಿನ ಇಂಜಿನ್ ಇರುತ್ತದೆ. ಇದಕ್ಕೆ ಎಣ್ಣೆಯ ತಳಪೆಟ್ಟಿಗೆ ಇಲ್ಲ. ಪೆಟ್ರೋಲಿನಲ್ಲಿ ಬೆರೆಸಿದ 2ಟಿ ಎಣ್ಣೆಯೇ ಭಾಗಗಳನ್ನು ನಯಗೊಳಿಸಿ ಕೊನೆಗೆ ಉರಿದುಹೋಗುತ್ತದೆ. ಕೈಪಿಡಿ 50 ಕ್ಕೆ 1 ಎಂದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್, 25 ಕ್ಕೆ 1 ಎಂದರೆ 40 ಮಿಲಿಲೀಟರ್ ಬೆರೆಸಬೇಕು. ಕಣ್ಣಂದಾಜು ಬೇಡ; ಔಷಧಿ ಅಳೆಯುವಂಥ ಅಳತೆಯ ಮುಚ್ಚಳವಿರಲಿ. ಆದರೆ ಕೀಟನಾಶಕ ಅಳೆದ ಮುಚ್ಚಳವನ್ನು ಇದಕ್ಕೆ ಬಳಸಬಾರದು. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಬಿಸಿಯೇರಿ ಕಚ್ಚುತ್ತದೆ, ಹೆಚ್ಚಾದರೆ ಪ್ಲಗ್ಗು ಮತ್ತು ಸೈಲೆನ್ಸರ್ ಮಸಿಗಟ್ಟುತ್ತವೆ. 2ಟಿ ಎಣ್ಣೆಯನ್ನು ನಾಲ್ಕು ಸ್ಟ್ರೋಕಿನ ಇಂಜಿನ್ನಿನ ತಳಕ್ಕಾಗಲಿ, ಅದರ ಎಣ್ಣೆಯನ್ನು ಇದರ ಪೆಟ್ರೋಲಿಗಾಗಲಿ ಹಾಕಬಾರದು.

ಈಗ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಆದುದರಿಂದ ಹೆಚ್ಚು ಬೆರೆಸಿಡದೆ ಬೇಕಾದಷ್ಟೇ ಬೆರೆಸಿ, ಕೆಲವು ವಾರ ಯಂತ್ರ ಬಳಸದಿದ್ದರೆ ಟ್ಯಾಂಕನ್ನು ಖಾಲಿ ಮಾಡಿಡಬೇಕು.

ಹಳೆಯ ಎಣ್ಣೆಯನ್ನು ಏನು ಮಾಡಬೇಕು?

ತೆಗೆದ ಎಣ್ಣೆಯನ್ನು ಕಾಲುವೆಗೆ, ಕೆರೆಯಂಗಳಕ್ಕೆ, ಬತ್ತಿದ ಬಾವಿಗೆ ಸುರಿಯುವುದನ್ನು ಪೂರ್ಣವಾಗಿ ಬಿಡಬೇಕು. ಅಂತರ್ಜಲವನ್ನೇ ನಂಬಿದ ಜಿಲ್ಲೆಯಲ್ಲಿ ಬತ್ತಿದ ಬಾವಿ ಎಂದರೆ ಕುಡಿಯುವ ನೀರಿಗೆ ತೆರೆದ ಬಾಗಿಲು. ಹಸುವಿನ ಗಾಯಕ್ಕೆ, ಉಣ್ಣೆ ಕಟ್ಟಿದ ಜಾಗಕ್ಕೆ ಹಳೆಯ ಎಣ್ಣೆ ಹಚ್ಚುವುದೂ ಸರಿಯಲ್ಲ. ಅದರಲ್ಲಿ ಲೋಹದ ಪುಡಿ ಮತ್ತು ಚರ್ಮಕ್ಕೆ ಕ್ಯಾನ್ಸರ್ ತರಬಲ್ಲ ವಸ್ತುಗಳು ಸೇರಿರುತ್ತವೆ. ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿಟ್ಟು, ಹಳೆಯ ಎಣ್ಣೆ ಕೊಳ್ಳುವ ಗ್ಯಾರೇಜಿಗೆ ಕೊಡಬೇಕು. ಎಣ್ಣೆ ತಗಲಿದ ಕೈಯನ್ನು ಸಾಬೂನಿನಿಂದ ತೊಳೆದ ಮೇಲೆಯೇ ಹಾಲು ಕರೆಯಲು ಹೋಗಬೇಕು.

ಸಾರಾಂಶ

ಸಣ್ಣ ಇಂಜಿನ್ ಕೆಟ್ಟು ನಿಂತರೆ ಆಗುವ ನಷ್ಟ ರಿಪೇರಿಯ ಖರ್ಚು ಮಾತ್ರವಲ್ಲ. ಅಂದಿನ ಮೇವು ನಿಲ್ಲುತ್ತದೆ, ಹಾಲು ತಗ್ಗುತ್ತದೆ. ಹುಳು ಸಾಕಣೆಗೆ ಬೇಕಾದ ಸೊಪ್ಪಿನ ತೋಟದಲ್ಲಿ ಕಳೆ ಮೇಲಾಗುತ್ತದೆ. ಇದನ್ನು ತಪ್ಪಿಸುವುದು ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚಿನ ಎಣ್ಣೆಯ ಮಾತು. ರೈತ ಬಾಂಧವರು ಈ ಅಂಶಗಳನ್ನು ನೆನಪಿಡಬೇಕು:

1. ಎಣ್ಣೆಯನ್ನು ಬೆರಳಿನಿಂದ ಆರಿಸದೆ ಕೈಪಿಡಿ ಮತ್ತು ಡಬ್ಬಿಯ ಗುರುತು ನೋಡಿ ಆರಿಸುವುದು.
2. ಕೋಲಾರದ ಹವೆಗೆ 30 ನೇ ದರ್ಜೆ, ಅಥವಾ ಕೈಪಿಡಿ ಒಪ್ಪಿದಲ್ಲಿ 20ಡಬ್ಲ್ಯೂ-40. 10ಡಬ್ಲ್ಯೂ-30 ಬಳಸಿದರೆ ಬೇಸಿಗೆಯಲ್ಲಿ ಮಟ್ಟದ ಮೇಲೆ ಕಣ್ಣಿಡುವುದು.
3. ರೆಕ್ಕೆ, ಜಾಲರಿ ಚೊಕ್ಕಟವಾಗಿಟ್ಟು ಹೊದಿಕೆ ಭದ್ರಪಡಿಸುವುದು. 10 ಡಿಗ್ರಿ ತಂಪು ಒಂದು ದರ್ಜೆ ದಪ್ಪ ಎಣ್ಣೆಗೆ ಸಮ.
4. ಪ್ರತಿದಿನ ಮಟ್ಟ ನೋಡುವುದು. ಕಡಿಮೆಯೂ ಬೇಡ, ಹೆಚ್ಚೂ ಬೇಡ.
5. ಗಂಟೆಯ ಲೆಕ್ಕದಲ್ಲಿ ಎಣ್ಣೆ ಬದಲಾಯಿಸುವುದು.

ಹೆಚ್ಚಿನ ವಿವರ ಬೇಕಾದವರು ಯಂತ್ರದ ಕೈಪಿಡಿಯೊಡನೆ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಅಥವಾ ಕೋಲಾರದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.